ಸುಗಮಕಾರರ ಕೈಪಿಡಿಯ ವಿನ್ಯಾಸ: ಗ್ರಂಥಸಂಪಾದನೆಯ ಕಮ್ಮಟವೊಂದರ ನಿದರ್ಶನ

1. ಪೀಠಿಕೆ

ಕನ್ನಡ ಅಧ್ಯಾಪಕರಿಗಾಗಿ ನಡೆಯುವ ಪುನಶ್ಚೇತನ ಶಿಬಿರಗಳು, ಹಸ್ತಪ್ರತಿ ಮತ್ತು ಶಾಸನಗಳ ಅಧ್ಯಯನಕ್ಕೆ ಮೀಸಲಾದ ಕಮ್ಮಟಗಳು ನಮಗೆ ಹೊಸತಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಯೋಜನೆಯಂತೆ 1987ರಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ರೂಪುಗೊಂಡಂದಿನಿಂದ ಅಧ್ಯಾಪಕರ ತರಬೇತಿಗೆ ಒಂದು ಸಾಂಸ್ಥಿಕ ಚೌಕಟ್ಟು ದೊರೆತಿದೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಹಸ್ತಪ್ರತಿಶಾಸ್ತ್ರದ ಕಮ್ಮಟಗಳಿಗೆ ಇಂಬು ನೀಡಿತು. ಆದರೆ ಇಂತಹ ಶಿಬಿರಗಳ ಬಗೆಗೆ ನಡೆಯುವ ಚರ್ಚೆಯು ಸಾಮಾನ್ಯವಾಗಿ ಯಾರು ಉಪನ್ಯಾಸ ನೀಡಿದರು, ಯಾವ ವಿಷಯಗಳು ಒಳಗೊಂಡಿದ್ದವು ಎಂಬಲ್ಲಿಗೆ ನಿಲ್ಲುತ್ತದೆ. ಶಿಬಿರವನ್ನು ನಡೆಸುವವರ ಕೈಯಲ್ಲಿ ಏನಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ.

ಈ ಪ್ರಶ್ನೆ ಮುಖ್ಯವಾಗಲು ಒಂದು ಕಾರಣವಿದೆ. ಗ್ರಂಥಸಂಪಾದನೆಯಂತಹ ವಿದ್ಯೆಯು ನಮ್ಮಲ್ಲಿ ಬಹುಮಟ್ಟಿಗೆ ವ್ಯಕ್ತಿಗಳಲ್ಲಿ ಉಳಿದುಕೊಂಡು ಬಂದಿದೆ. ವಿಭಾಗದಲ್ಲಿ ಓಲೆಗರಿಯನ್ನು ಓದಬಲ್ಲ, ಪ್ರತಿಗಳನ್ನು ತಾಳೆ ನೋಡಬಲ್ಲ ವಿದ್ವಾಂಸರೊಬ್ಬರಿದ್ದರೆ ಕಮ್ಮಟ ನಡೆಯುತ್ತದೆ. ಅವರು ನಿವೃತ್ತರಾದರೆ ಕಮ್ಮಟವೂ ನಿವೃತ್ತವಾಗುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಪ್ರಕಟವಾಗಿ ಶಾಸ್ತ್ರವನ್ನು ಕನ್ನಡದಲ್ಲಿ ಖಚಿತವಾಗಿ ನೆಲೆಗೊಳಿಸಿತು. ಶಾಸ್ತ್ರಗ್ರಂಥವೇನೋ ನಮ್ಮ ಬಳಿಯಿದೆ. ಆ ಶಾಸ್ತ್ರವನ್ನು ಇಪ್ಪತ್ತು ಜನ ಅಧ್ಯಾಪಕರ ಎದುರಿಗೆ ಒಂದೂವರೆ ಗಂಟೆಯಲ್ಲಿ ಅನುಭವಕ್ಕೆ ತರುವುದು ಹೇಗೆಂಬುದು ಬೇರೆಯೇ ವಿದ್ಯೆ. ಅದು ಬರಹಕ್ಕೆ ಇಳಿಯದೆ ಉಳಿದಿದೆ.

ಈ ಎರಡನೆಯ ವಿದ್ಯೆಯನ್ನು ಬರಹಕ್ಕೆ ಇಳಿಸುವ ಸಾಧನವೇ ಸುಗಮಕಾರರ ಕೈಪಿಡಿ. ಅದನ್ನು ಹೇಗೆ ವಿನ್ಯಾಸಗೊಳಿಸಬೇಕು ಎಂಬುದನ್ನು, ಲಿಪಿಕಾರರ ಸ್ಖಾಲಿತ್ಯಗಳನ್ನು ಕುರಿತ ಒಂದು ಅವಧಿಯನ್ನು ನಿದರ್ಶನವಾಗಿ ಇಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪರಿಭಾಷೆಯ ಸ್ಪಷ್ಟೀಕರಣ

ಪಠ್ಯಪುಸ್ತಕ, ಉಪನ್ಯಾಸದ ಟಿಪ್ಪಣಿ ಮತ್ತು ಸುಗಮಕಾರರ ಕೈಪಿಡಿ ಎಂಬ ಮೂರನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಪಠ್ಯಪುಸ್ತಕವು ಕಲಿಯುವವರನ್ನು ಉದ್ದೇಶಿಸಿದ್ದು. ಉಪನ್ಯಾಸದ ಟಿಪ್ಪಣಿಯು ಬರೆದವರ ಸ್ವಂತ ನೆನಪಿಗಾಗಿ ಇರುವುದು; ಅದನ್ನು ಇನ್ನೊಬ್ಬರು ಓದಿದರೆ ಅರ್ಧಕ್ಕಿಂತ ಹೆಚ್ಚು ಭಾಗ ತಿಳಿಯದು, ತಿಳಿಯಬೇಕಾದ ಅಗತ್ಯವೂ ಇಲ್ಲ. ಸುಗಮಕಾರರ ಕೈಪಿಡಿಯಾದರೋ, ಒಬ್ಬರು ಬರೆದು ಮತ್ತೊಬ್ಬರು ನಡೆಸುವ ತರಬೇತಿಗಾಗಿ ಇರುವುದು. ಅದರ ಓದುಗ ಕಲಿಯುವವನೂ ಅಲ್ಲ, ಬರೆದವನೂ ಅಲ್ಲ. ವಿಷಯವನ್ನು ತಕ್ಕಮಟ್ಟಿಗೆ ಬಲ್ಲ, ಆದರೆ ಈ ಅವಧಿಯನ್ನು ಹಿಂದೆಂದೂ ನಡೆಸದ ಸಹೋದ್ಯೋಗಿಯೇ ಅದರ ಓದುಗ.

ನಮ್ಮಲ್ಲಿ ‘ಕೈಪಿಡಿ’ ಎಂಬ ಹೆಸರಿನಲ್ಲಿ ಹಂಚಲಾಗುವ ಅನೇಕ ಪುಸ್ತಿಕೆಗಳು ವಾಸ್ತವವಾಗಿ ಉಪನ್ಯಾಸಗಳ ಸಂಕಲನಗಳಾಗಿರುತ್ತವೆ. ಅವುಗಳ ವಿಷಯಮೌಲ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವು ಸುಗಮಕಾರನಿಗೆ ಏನು ಹೇಳಬೇಕೆಂಬುದನ್ನು ತಿಳಿಸುತ್ತವೆಯೇ ಹೊರತು, ಶಿಬಿರಾರ್ಥಿಗಳು ಏನು ಮಾಡಬೇಕು, ಅವರು ಮಾಡಿದ್ದನ್ನು ಕಂಡಾಗ ತಾನೇನು ಮಾಡಬೇಕು ಎಂಬುದನ್ನು ತಿಳಿಸುವುದಿಲ್ಲ. ಹೀಗಾಗಿ ಅಂತಹ ಪುಸ್ತಿಕೆಯನ್ನು ಹಿಡಿದು ನಡೆಸುವ ಅವಧಿಯು ಅನಿವಾರ್ಯವಾಗಿ ಮತ್ತೊಂದು ಉಪನ್ಯಾಸವಾಗುತ್ತದೆ.

3. ಎರಡು ಪೂರ್ವ ನಿದರ್ಶನಗಳು

ಬರೆದಿಟ್ಟ ಕೈಪಿಡಿಯ ಬಲದಿಂದಲೇ ತರಬೇತಿಯನ್ನು ವಿಸ್ತರಿಸಿದ ಪ್ರಸಿದ್ಧ ಪ್ರಯೋಗವೆಂದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ನಡೆದ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಕಾರ್ಯಕ್ರಮ. 1940ರಲ್ಲಿ ಆರಂಭಗೊಂಡು 1945ರವರೆಗೆ ನಡೆದ ಈ ಕಾರ್ಯಕ್ರಮವು 16,000ಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ 16 ಲಕ್ಷಕ್ಕೂ ಹೆಚ್ಚು ಜನರನ್ನು ತಲುಪಿತು. ತಲಾ ಎರಡು ಗಂಟೆಗಳ ಐದು ಅವಧಿಗಳು, ಪ್ರತಿ ತಂಡದಲ್ಲಿ ಸುಮಾರು ಹತ್ತು ಮಂದಿ: ಇದು ಅದರ ಮಾದರಿ. ಕೆಲಸ ಕಲಿಸುವ ವಿಧಾನವನ್ನು ಕುರಿತ ಅವಧಿಯಲ್ಲಿ ತರಬೇತುದಾರನು ವಿದ್ಯುತ್ ತಂತಿಗೆ ಹಾಕುವ ಒಂದು ಬಗೆಯ ಗಂಟನ್ನು ಮೊದಲು ಬಾಯಿಮಾತಿನಲ್ಲಿ ಮಾತ್ರ ವಿವರಿಸುತ್ತಾನೆ. ಕಲಿಯುವವನಿಗೆ ಅದು ಬರುವುದಿಲ್ಲ. ಆಮೇಲೆ ಮಾತಿಲ್ಲದೆ ಬರಿಯ ಕೈಯಿಂದ ಮಾಡಿ ತೋರಿಸುತ್ತಾನೆ, ಆಗಲೂ ಬರುವುದಿಲ್ಲ. ಈ ಎರಡು ಸೋಲುಗಳು ಆದ ಮೇಲೆಯೇ ಹಂತಹಂತವಾಗಿ, ಹೇಳುತ್ತ ತೋರಿಸುತ್ತ, ಕಾರಣಗಳನ್ನು ತಿಳಿಸುತ್ತ ಕಲಿಸುತ್ತಾನೆ. ಸೋಲು ಇಲ್ಲಿ ಆಕಸ್ಮಿಕವಲ್ಲ. ಅದು ಕೈಪಿಡಿಯಲ್ಲಿಯೇ ಯೋಜಿತವಾದದ್ದು.

ಈ ಕಾರ್ಯಕ್ರಮದ ರೂವಾರಿಗಳು ತರಬೇತಿಯು ಕೈಯಿಂದ ಕೈಗೆ ಸಾಗುವಾಗ ಕೆಡುತ್ತದೆ ಎಂಬುದನ್ನು ಅರಿತಿದ್ದರು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಕಟ್ಟುನಿಟ್ಟು: ತರಬೇತುದಾರನು ನೆನಪನ್ನು ನೆಚ್ಚಬಾರದು, ಕೈಪಿಡಿಯನ್ನು ಎದುರಿಗಿಟ್ಟುಕೊಂಡೇ ನಡೆಸಬೇಕು, ಅದರಿಂದ ಆಚೀಚೆ ಸರಿಯಬಾರದು. ಯುದ್ಧಕಾಲದ ಕಾರ್ಖಾನೆಯಲ್ಲಿ ಈ ನಿಯಮ ಫಲ ನೀಡಿರಬಹುದು. ವಿಶ್ವವಿದ್ಯಾಲಯದ ಅಧ್ಯಾಪಕರ ನಡುವೆ ಇದು ನಡೆಯದು. ಅಧ್ಯಾಪಕನಾದವನು ತನ್ನ ತರಗತಿಯಲ್ಲಿ ಇನ್ನೊಬ್ಬರ ಮಾತನ್ನು ಹಾಗೆಯೇ ಒಪ್ಪಿಸಲು ಒಪ್ಪುವವನಲ್ಲ, ಒಪ್ಪಬೇಕಾಗಿಯೂ ಇಲ್ಲ. ಬದಲಾವಣೆ ಆಗಿಯೇ ಆಗುತ್ತದೆ ಎಂದು ತಿಳಿದೇ ನಮ್ಮ ಕೈಪಿಡಿ ಹೊರಡಬೇಕು.

ಎರಡನೆಯ ನಿದರ್ಶನ ನಮ್ಮದೇ ಪರಂಪರೆಯದು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಮೂರು ಸ್ತರಗಳಿವೆ: ಕಂದಪದ್ಯದಲ್ಲಿರುವ ಸೂತ್ರ, ಗದ್ಯದಲ್ಲಿ ಗ್ರಂಥಕರ್ತನೇ ಬರೆದ ವೃತ್ತಿ, ಮತ್ತು ಪೂರ್ವಕವಿಗಳಿಂದ ಆಯ್ದ ಪ್ರಯೋಗಗಳು. ಸೂತ್ರವು ನೆನಪಿಗೆ, ವೃತ್ತಿಯು ತಿಳಿವಿಗೆ, ಪ್ರಯೋಗವು ಸಾಕ್ಷಿಗೆ. ಸೂತ್ರ ಮಾತ್ರ ಉಳಿದು ವೃತ್ತಿ ಅಳಿದಿದ್ದರೆ ಓದುಗನು ಅದನ್ನು ಎಷ್ಟು ಬಗೆಯಾಗಿ ಅರ್ಥೈಸುತ್ತಿದ್ದನೋ ಹೇಳಲಾಗದು. ಕೇಶಿರಾಜನು ಬರೆದದ್ದು ವ್ಯಾಕರಣ, ತರಬೇತಿಯ ಕೈಪಿಡಿಯಲ್ಲ ಎಂಬುದು ನಿಜ. ಆದರೂ ತನ್ನ ಮಾತು ತನ್ನ ಪರೋಕ್ಷದಲ್ಲಿ ಬಳಕೆಯಾಗಲಿದೆ ಎಂಬ ಎಚ್ಚರದಿಂದ ಕಟ್ಟಿದ ಈ ಮೂರು ಸ್ತರಗಳ ರಚನೆಯು ಕೈಪಿಡಿಯ ವಿನ್ಯಾಸಕ್ಕೆ ಒಂದು ದಾರಿಯನ್ನು ತೋರಿಸುತ್ತದೆ.

4. ನಿದರ್ಶನ: ‘ನಕಲಿನ ಸರಪಳಿ’ ಎಂಬ ಅವಧಿ

4.1 ಅವಧಿಯ ಗುರಿ

ಹಸ್ತಪ್ರತಿಗಳಲ್ಲಿ ಸ್ಖಾಲಿತ್ಯಗಳು ಹೇಗೆ ಹುಟ್ಟುತ್ತವೆ, ಅವು ಪ್ರತಿಯಿಂದ ಪ್ರತಿಗೆ ಹೇಗೆ ಇಳಿದು ಬರುತ್ತವೆ, ಆ ಸ್ಖಾಲಿತ್ಯಗಳ ಸಹಾಯದಿಂದಲೇ ಪ್ರತಿಗಳ ಸಂಬಂಧವನ್ನು ಹೇಗೆ ಗುರುತಿಸಬಹುದು ಎಂಬುದು ಅವಧಿಯ ವಿಷಯ. ‘ಶಿಬಿರಾರ್ಥಿಗಳು ಗ್ರಂಥಸಂಪಾದನೆಯ ಮಹತ್ವವನ್ನು ಮನಗಾಣುವರು’ ಎಂದು ಗುರಿಯನ್ನು ಬರೆಯುವುದು ವಾಡಿಕೆ. ಮನಗಂಡರೋ ಇಲ್ಲವೋ ಎಂಬುದನ್ನು ಸುಗಮಕಾರನು ನೋಡಿ ತಿಳಿಯಲಾರನು. ಕಲಿಕೆಯ ಗುರಿಗಳನ್ನು ಕಣ್ಣಿಗೆ ಕಾಣುವ ಕ್ರಿಯೆಗಳ ರೂಪದಲ್ಲಿ ಹೇಳಬೇಕೆಂದು ರಾಬರ್ಟ್ ಮೇಗರ್ 1962ರಲ್ಲಿಯೇ ವಾದಿಸಿದ್ದುಂಟು. ಆ ಮಾತನ್ನು ಎಲ್ಲ ವಿಷಯಗಳಿಗೂ ಅನ್ವಯಿಸುವುದು ಕಷ್ಟವಾದರೂ ಇಲ್ಲಿ ಅದು ಸಲ್ಲುತ್ತದೆ. ಆದ್ದರಿಂದ ಗುರಿಯನ್ನು ಹೀಗೆ ಬರೆಯಲಾಯಿತು: ‘ನಾಲ್ಕು ಪ್ರತಿಗಳನ್ನು ಕೊಟ್ಟಾಗ ಶಿಬಿರಾರ್ಥಿಗಳು ಅವುಗಳ ವಂಶವೃಕ್ಷವನ್ನು ಬರೆಯುವರು; ಯಾವ ಪ್ರತಿಯನ್ನು ಏಕೆ ಕೈಬಿಡಬಹುದೆಂದು ಹೇಳುವರು.’

4.2 ಸಾಮಗ್ರಿ

ನಕಲು ಮಾಡಲು ಕೊಡುವ ಮೂಲಹಾಳೆಯು ಪ್ರಸಿದ್ಧ ಕಾವ್ಯಭಾಗವಾಗಿರಬಾರದು. ಪಂಪನ ಪದ್ಯವನ್ನು ಕೊಟ್ಟರೆ ಅಧ್ಯಾಪಕರು ಕಣ್ಣಿನಿಂದ ನಕಲು ಮಾಡದೆ ನೆನಪಿನಿಂದ ಬರೆಯುತ್ತಾರೆ. ಆದಕಾರಣ ಸುಮಾರು ನಲವತ್ತು ಪದಗಳ ಒಂದು ಗದ್ಯಭಾಗವನ್ನು ಹೊಸದಾಗಿಯೇ ರಚಿಸಿ, ಹಸ್ತಪ್ರತಿಯ ಕ್ರಮದಲ್ಲಿ ಪದಗಳ ನಡುವೆ ತೆರವಿಲ್ಲದೆ ಬರೆಯಲಾಯಿತು. ಅದರ ಒಂದು ಭಾಗ ಇಂತಿದೆ:

ಊರಬಾಗಿಲಲ್ಲಿನಿಂತವರುಕೆರೆಯನೀರನ್ನುಕಂಡರುಏರಿಯಮೆಲೆನಿಂತವರುಕೆರೆಯತೂಬನ್ನುಕಂಡರುಬಂಣದಬಟ್ಟೆಯವರುಯಾರನ್ನೂಕಾಣದೆಹಿಂದಿರುಗಿದರು

ಇಲ್ಲಿ ಎರಡು ಬಗೆಯ ಬಲೆಗಳಿವೆ. ಮೊದಲನೆಯದು ‘ನಿಂತವರುಕೆರೆಯ’ ಎಂಬುದರ ಪುನರಾವೃತ್ತಿ. ನಕಲು ಮಾಡುವವನ ಕಣ್ಣು ಮೊದಲನೆಯ ‘ನಿಂತವರುಕೆರೆಯ’ದಿಂದ ಎರಡನೆಯದಕ್ಕೆ ಜಾರಿದರೆ ನಡುವಣ ಭಾಗ ಲೋಪವಾಗಿ ‘ಊರ ಬಾಗಿಲಲ್ಲಿ ನಿಂತವರು ಕೆರೆಯ ತೂಬನ್ನು ಕಂಡರು’ ಎಂಬ ವಾಕ್ಯ ಉಳಿಯುತ್ತದೆ. ಅದು ವ್ಯಾಕರಣಬದ್ಧವಾಗಿದೆ, ಅರ್ಥವತ್ತಾಗಿದೆ. ಏನೋ ಬಿಟ್ಟುಹೋಗಿದೆ ಎಂಬ ಸಂದೇಹಕ್ಕೆ ಆ ಪ್ರತಿಯಲ್ಲಿ ಎಡೆಯೇ ಇಲ್ಲ. ಎರಡನೆಯದು ‘ಮೆಲೆ’, ‘ಬಂಣ’ ಎಂಬ ಬರಹಗಳು. ಎ–ಏ, ಒ–ಓ ಸ್ವರಗಳ ಹ್ರಸ್ವದೀರ್ಘ ಭೇದವನ್ನು ಹಸ್ತಪ್ರತಿಗಳು ಬಹುಮಟ್ಟಿಗೆ ತೋರಿಸುವುದಿಲ್ಲ. ‘ಣ್ಣ’, ‘ನ್ನ’ಗಳ ಸ್ಥಾನದಲ್ಲಿ ಸೊನ್ನೆಯನ್ನು ಬಳಸಿ ‘ಅಂಣ’, ‘ಕಂನಡ’ ಎಂದು ಬರೆಯುವುದು ಅವುಗಳಲ್ಲಿ ಸಾಮಾನ್ಯ. ಇವನ್ನು ಕಂಡ ಅಧ್ಯಾಪಕರು ತಮಗರಿವಿಲ್ಲದೆಯೇ ‘ಮೇಲೆ’, ‘ಬಣ್ಣ’ ಎಂದು ತಿದ್ದುವ ಸಂಭವ ಹೆಚ್ಚು. ಹೀಗೆ ಮೊದಲನೆಯ ಬಲೆಯು ಕಣ್ತಪ್ಪನ್ನೂ ಎರಡನೆಯದು ತಿಳಿದವನ ತಿದ್ದುಪಡಿಯನ್ನೂ ಹೊರತರುತ್ತವೆ. ಎರಡರ ಪರಿಣಾಮವೂ ಒಂದೇ: ಮೂಲಪ್ರತಿಯ ಸಾಕ್ಷ್ಯ ಮರೆಯಾಗುತ್ತದೆ.

4.3 ನಡೆಸುವ ಕ್ರಮ

ಇಪ್ಪತ್ತು ಜನರಿದ್ದರೆ ಐವರ ನಾಲ್ಕು ತಂಡಗಳಾಗುತ್ತವೆ. ಪ್ರತಿ ತಂಡದಲ್ಲಿ ಮೊದಲನೆಯವರು ಮೂಲಹಾಳೆಯನ್ನು ನಕಲು ಮಾಡುತ್ತಾರೆ. ಎರಡನೆಯವರೂ ಮೂರನೆಯವರೂ ಮೊದಲನೆಯವರ ಪ್ರತಿಯನ್ನು ನಕಲು ಮಾಡುತ್ತಾರೆ. ನಾಲ್ಕನೆಯವರು ಎರಡನೆಯವರದನ್ನು, ಐದನೆಯವರು ಮೂರನೆಯವರದನ್ನು ನಕಲು ಮಾಡುತ್ತಾರೆ. ಒಬ್ಬರು ಹೆಚ್ಚಾಗಿದ್ದರೆ ಅವರೂ ಮೊದಲನೆಯವರ ಪ್ರತಿಯಿಂದಲೇ ಬರೆಯಬಹುದು. ಆಗ ಮೂರು ಕವಲುಗಳಾಗುತ್ತವೆ. ಅನಂತರ ಮೂಲಹಾಳೆಯನ್ನೂ ಮೊದಲನೆಯ ಪ್ರತಿಯನ್ನೂ ಸುಗಮಕಾರನು ಹಿಂದಕ್ಕೆ ಪಡೆದು, ಉಳಿದ ಪ್ರತಿಗಳಿಗೆ ಕ, ಖ, ಗ, ಘ ಎಂಬ ಸಂಕೇತಗಳನ್ನು ಕ್ರಮಗೆಡಿಸಿ ನೀಡಿ, ಒಂದು ತಂಡದ ಪ್ರತಿಗಳನ್ನು ಇನ್ನೊಂದು ತಂಡಕ್ಕೆ ಕೊಡುತ್ತಾನೆ. ಆ ತಂಡವು ಪ್ರತಿಗಳನ್ನು ತಾಳೆ ನೋಡಿ ವಂಶವೃಕ್ಷವನ್ನು ಬರೆದು ಮೂಲವನ್ನು ಪುನಾರಚಿಸಬೇಕು.

ಒಟ್ಟು ತೊಂಬತ್ತು ನಿಮಿಷಗಳಲ್ಲಿ ವ್ಯವಸ್ಥೆಗೆ 5, ಮೂರು ಸುತ್ತಿನ ನಕಲಿಗೆ 25, ತಾಳೆ ನೋಡುವುದಕ್ಕೆ 25, ಚರ್ಚೆಗೆ 25, ಸಮಾರೋಪಕ್ಕೆ 10 ನಿಮಿಷಗಳು ಸಲ್ಲುತ್ತವೆ.

ಅವಧಿಯ ತಿರುಳು ಚರ್ಚೆಯ ಹಂತದಲ್ಲಿದೆ. ಮೊದಲನೆಯವರ ಕಣ್ಣು ಜಾರಿದ್ದರೆ ನಾಲ್ಕು ಪ್ರತಿಗಳಲ್ಲಿಯೂ ಆ ಲೋಪವಿರುತ್ತದೆ. ತಂಡವು ಎಷ್ಟೇ ನಿಷ್ಠೆಯಿಂದ ತಾಳೆ ನೋಡಿದರೂ ಅದು ತಲುಪುವುದು ಮೊದಲನೆಯ ಪ್ರತಿಯನ್ನು, ಮೂಲಹಾಳೆಯನ್ನಲ್ಲ. ನಾಲ್ಕು ಪ್ರತಿಗಳು ಒಮ್ಮತದಿಂದ ಹೇಳುವ ಪಾಠವೂ ತಪ್ಪಾಗಿರಬಹುದು. ಉಳಿದುಬಂದ ಪ್ರತಿಗಳ ಹೋಲಿಕೆಯಿಂದ ನಮಗೆ ದೊರೆಯುವುದು ಅವುಗಳ ಸಮಾನ ಪೂರ್ವಜ ಪ್ರತಿಯೇ ಹೊರತು ಕವಿಯ ಸ್ವಹಸ್ತಪ್ರತಿಯಲ್ಲ ಎಂಬ ಸಂಪಾದನಶಾಸ್ತ್ರದ ಮೂಲಭೂತ ತಿಳಿವಳಿಕೆಯು, ಸುಗಮಕಾರನು ಮೂಲಹಾಳೆಯನ್ನು ತೆರೆದು ತೋರಿಸಿದ ಕ್ಷಣದಲ್ಲಿ ಶಿಬಿರಾರ್ಥಿಗಳ ಅನುಭವಕ್ಕೆ ಬರುತ್ತದೆ.

5. ಮೊದಲ ಕರಡಿನ ಸೋಲು

ಈ ಅವಧಿಗಾಗಿ ಲೇಖಕರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ ಮೇಲಿನ ಹಂತಗಳೆಲ್ಲವೂ ಕ್ರಮವಾಗಿ ಇದ್ದವು. ಲೇಖಕರೇ ನಡೆಸಿದಾಗ ಅವಧಿಯು ಚೆನ್ನಾಗಿಯೇ ನಡೆಯಿತು. ಮತ್ತೊಂದು ಕಡೆ ಅದೇ ಕರಡನ್ನು ಹಿಡಿದು ಸಹೋದ್ಯೋಗಿಯೊಬ್ಬರು ನಡೆಸಿದರು. ಅಲ್ಲಿ ಉದ್ಘಾಟನೆ ತಡವಾಗಿ ಮುಗಿದು ಅವಧಿಗೆ ಅರ್ಧ ಗಂಟೆ ಕಡಿಮೆಯಾಗಿತ್ತು. ಸಮಯ ಉಳಿಸುವ ಸದುದ್ದೇಶದಿಂದ ಅವರು ಮೂಲಹಾಳೆಯ ನೆರಳಚ್ಚು ಪ್ರತಿಗಳನ್ನು ಮಾಡಿಸಿ ಎಲ್ಲರಿಗೂ ಒಮ್ಮೆಗೇ ಹಂಚಿದರು. ಎಲ್ಲರೂ ಶ್ರದ್ಧೆಯಿಂದ ನಕಲು ಮಾಡಿದರು, ತಪ್ಪುಗಳೂ ಸಿಕ್ಕವು, ತಪ್ಪುಗಳ ಪಟ್ಟಿಯೂ ಆಯಿತು. ಆದರೆ ಪ್ರತಿಯೊಬ್ಬರೂ ಮೂಲದಿಂದಲೇ ಬರೆದಿದ್ದರಿಂದ ಪ್ರತಿಯೊಬ್ಬರ ತಪ್ಪೂ ಅವರವರದೇ ಆಗಿತ್ತು. ಇಳಿದುಬಂದ ತಪ್ಪು ಒಂದೂ ಇರಲಿಲ್ಲ. ಹೀಗಾಗಿ ವಂಶವೃಕ್ಷವೂ ಇರಲಿಲ್ಲ. ಲಿಪಿಕಾರರು ಎಚ್ಚರದಿಂದ ಇರಬೇಕಿತ್ತು ಎಂಬ ತೀರ್ಮಾನದೊಂದಿಗೆ ಅವಧಿ ಮುಗಿಯಿತು.

ಇದನ್ನು ಆ ಸಹೋದ್ಯೋಗಿಯ ತಪ್ಪೆನ್ನಲಾಗದು. ‘ಮೊದಲನೆಯವರ ಪ್ರತಿಯನ್ನು ಎರಡನೆಯವರು ನಕಲು ಮಾಡಲಿ’ ಎಂದು ಕರಡು ಹೇಳಿತ್ತು. ಏಕೆ ಹಾಗೆ ಎಂಬುದನ್ನು ಹೇಳಿರಲಿಲ್ಲ. ಕಾರಣವು ಬರೆದವರ ಮನಸ್ಸಿನಲ್ಲಿತ್ತು, ಹಾಳೆಯ ಮೇಲೆ ಇರಲಿಲ್ಲ. ಕಾರಣ ಕಾಣದ ಹಂತವು ಅವಸರದಲ್ಲಿ ಮೊದಲು ಕೈಬಿಡಲಾಗುವ ಹಂತವಾಗುತ್ತದೆ.

ಈ ಘಟನೆಯು ಅವಧಿಯ ವಿಷಯಕ್ಕೇ ಕನ್ನಡಿ ಹಿಡಿದಂತಿದೆ. ಕೈಪಿಡಿಯೂ ಒಂದು ಪಠ್ಯ. ಅದು ಸುಗಮಕಾರನಿಂದ ಸುಗಮಕಾರನಿಗೆ ಸಾಗುತ್ತದೆ, ಸಾಗುವಾಗ ಅದಕ್ಕೆ ಪಾಠಾಂತರಗಳು ಹುಟ್ಟುತ್ತವೆ. ಕೆಲವು ಕಣ್ತಪ್ಪುಗಳು, ಕೆಲವು ತಿಳಿದವರ ತಿದ್ದುಪಡಿಗಳು. ನಡುವಣ ಭಾಗ ಲೋಪವಾದ ಮೇಲೆಯೂ ಅವಧಿಯು ಅರ್ಥವತ್ತಾಗಿಯೇ ಕಾಣುತ್ತದೆ. ‘ಊರ ಬಾಗಿಲಲ್ಲಿ ನಿಂತವರು ಕೆರೆಯ ತೂಬನ್ನು ಕಂಡರು’ ಎಂಬ ವಾಕ್ಯದಂತೆ. ಏನು ಬಿಟ್ಟುಹೋಯಿತೆಂದು ಅಲ್ಲಿದ್ದವರಾರಿಗೂ ತಿಳಿಯುವುದಿಲ್ಲ. ಗ್ರಂಥಸಂಪಾದಕನಿಗೆ ಪರಿಚಿತವಾದ ಈ ಅಪಾಯವನ್ನು ಕೈಪಿಡಿಯ ರಚನಕಾರನು ಮುಂಚಿತವಾಗಿಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

6. ವಿನ್ಯಾಸದ ತತ್ವಗಳು

6.1 ಹಂತದೊಡನೆ ಕಾರಣ

ಎರಡನೆಯ ಕರಡಿನಲ್ಲಿ ಪುಟವನ್ನು ಮೂರು ಅಂಕಣಗಳಾಗಿ ವಿಂಗಡಿಸಲಾಯಿತು: ಏನು ಮಾಡಬೇಕು, ಏಕೆ ಮಾಡಬೇಕು, ಏನಾಗಬಹುದು. ಸೂತ್ರ, ವೃತ್ತಿ, ಪ್ರಯೋಗಗಳ ಸ್ಥಾನವನ್ನು ಇವು ಕ್ರಮವಾಗಿ ಪಡೆಯುತ್ತವೆ ಎನ್ನಬಹುದು. ನಕಲಿನ ಹಂತಕ್ಕೆ ಎರಡನೆಯ ಅಂಕಣದಲ್ಲಿ ಬರೆದದ್ದು ಇಷ್ಟು: ‘ಒಬ್ಬರ ತಪ್ಪು ಇನ್ನೊಬ್ಬರಿಗೆ ಇಳಿದರೆ ಮಾತ್ರ ಪ್ರತಿಗಳ ಸಂಬಂಧ ತಿಳಿಯುತ್ತದೆ. ಎಲ್ಲರೂ ಮೂಲದಿಂದಲೇ ಬರೆದರೆ ಈ ಅವಧಿಯ ಗುರಿ ಈಡೇರದು.’ ಮೂರು ಸಾಲುಗಳನ್ನೂ ತುಂಬದ ಈ ಟಿಪ್ಪಣಿಯು ಮೊದಲ ಕರಡಿನಲ್ಲಿ ಇದ್ದಿದ್ದರೆ ಆ ಅವಧಿ ಉಳಿಯುತ್ತಿತ್ತು.

ಕಾರಣವನ್ನು ಪ್ರಸ್ತಾವನೆಯಲ್ಲಿ ಒಟ್ಟಾಗಿ ಬರೆದರೆ ಸಾಲದು. ಅವಧಿ ನಡೆಯುತ್ತಿರುವಾಗ ಸುಗಮಕಾರನು ಪ್ರಸ್ತಾವನೆಗೆ ಮರಳುವುದಿಲ್ಲ. ಹಂತವೂ ಕಾರಣವೂ ಒಂದೇ ಸಾಲಿನಲ್ಲಿ ಕಣ್ಣಿಗೆ ಬೀಳಬೇಕು.

6.2 ಬಿಡಬಹುದಾದದ್ದು, ಬಿಡಬಾರದ್ದು

ಶಿಬಿರಗಳಲ್ಲಿ ಸಮಯ ಕಡಿಮೆಯಾಗುವುದು ಅಪರೂಪವಲ್ಲ. ಅದನ್ನು ನಿಯಮವೆಂದೇ ಭಾವಿಸಬೇಕು. ಕೈಪಿಡಿಯು ಪೂರ್ಣಾವಧಿಯ ಯೋಜನೆಯೊಂದನ್ನೇ ಕೊಟ್ಟರೆ ಕಡಿತದ ನಿರ್ಧಾರ ಸುಗಮಕಾರನ ಆ ಕ್ಷಣದ ಊಹೆಗೆ ಬೀಳುತ್ತದೆ. ಆದ್ದರಿಂದ ಅರುವತ್ತು ನಿಮಿಷಗಳಷ್ಟೇ ಇದ್ದಾಗ ಮಾಡಬೇಕಾದ ಮಾರ್ಪಾಡನ್ನು ಕೈಪಿಡಿಯೇ ಹೇಳಬೇಕು. ನಮ್ಮ ನಿದರ್ಶನದಲ್ಲಿ ಮೂಲಹಾಳೆಯ ಉದ್ದವನ್ನು ಅರ್ಧಕ್ಕೆ ಇಳಿಸಬಹುದು, ವಂಶವೃಕ್ಷವನ್ನು ಒಂದೇ ತಂಡದ ಪ್ರತಿಗಳಿಂದ ಕರಿಹಲಗೆಯ ಮೇಲೆ ಎಲ್ಲರೂ ಕೂಡಿ ಬರೆಯಬಹುದು. ಸರಪಳಿಯನ್ನು ಮುರಿಯುವಂತಿಲ್ಲ, ಕೊನೆಯಲ್ಲಿ ಮೂಲಹಾಳೆಯನ್ನು ತೋರಿಸುವುದನ್ನು ಬಿಡುವಂತಿಲ್ಲ.

6.3 ನಿರೀಕ್ಷಿತ ಪ್ರತಿಕ್ರಿಯೆಗಳು

ಕೈಪಿಡಿಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಮೂರನೆಯ ಅಂಕಣ. ಅದನ್ನು ಮೇಜಿನ ಮುಂದೆ ಕುಳಿತು ಊಹಿಸಿ ಬರೆಯಲಾಗದು. ಒಂದೆರಡು ಬಾರಿ ನಡೆಸಿ, ಶಿಬಿರಾರ್ಥಿಗಳ ಮಾತನ್ನು ಕೇಳಿಸಿಕೊಂಡೇ ಬರೆಯಬೇಕು. ಉದಾಹರಣೆಗೆ, ಚರ್ಚೆಯ ಆರಂಭದಲ್ಲಿ ಕೇಳಿಬರುವ ಮಾತು ‘ಲಿಪಿಕಾರರು ಅಷ್ಟಾಗಿ ಓದಿದವರಲ್ಲ, ಆದ್ದರಿಂದ ತಪ್ಪುಗಳಾದವು’ ಎಂಬುದು. ಸುಗಮಕಾರನು ಇದನ್ನು ಕೂಡಲೇ ಖಂಡಿಸಿದರೆ ವಾದ ಬೆಳೆಯುತ್ತದೆ. ಆ ಮಾತನ್ನು ಹಲಗೆಯ ಮೇಲೆ ಬರೆದಿಟ್ಟು ಮುಂದುವರಿಯುವಂತೆ ಕೈಪಿಡಿ ಸೂಚಿಸುತ್ತದೆ. ಸ್ನಾತಕೋತ್ತರ ಪದವೀಧರರಾದ ತಾವೇ ‘ಬಂಣ’ವನ್ನು ‘ಬಣ್ಣ’ವಾಗಿಸಿದ್ದನ್ನು ಕಂಡ ಮೇಲೆ ಹಲಗೆಯ ಮೇಲಿನ ಆ ಮಾತನ್ನು ಅವರೇ ಅಳಿಸುತ್ತಾರೆ. ಓದಿದವನ ತಿದ್ದುಪಡಿ ಓದದವನ ತಪ್ಪಿಗಿಂತ ಗುರುತಿಸಲು ಕಠಿಣ ಎಂಬ ಮಾತು ಆಗ ಅವರ ಕಡೆಯಿಂದಲೇ ಬರುತ್ತದೆ.

ಏನೂ ಆಗದೆ ಹೋಗುವ ಸಾಧ್ಯತೆಯನ್ನೂ ಇಲ್ಲಿ ಬರೆಯಬೇಕು. ಎಲ್ಲರೂ ತಪ್ಪಿಲ್ಲದೆ ನಕಲು ಮಾಡಿದರೆ? ಮೊದಲನೆಯವರ ಕಣ್ಣು ಜಾರದೆ ಹೋದರೆ? ಇದಕ್ಕಾಗಿ ಲೋಪವುಳ್ಳ ಮೊದಲನೆಯ ಪ್ರತಿಯಿಂದ ಇಳಿದ ಮೀಸಲು ಪ್ರತಿಗಳ ಒಂದು ಲಕೋಟೆಯನ್ನು ಕೈಪಿಡಿಗೆ ಸೇರಿಸಲಾಗಿದೆ. ಅದನ್ನು ಬಳಸುವಾಗ ಅದು ಮೊದಲೇ ಸಿದ್ಧಪಡಿಸಿದ್ದೆಂದು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಹಾಗೆಯೇ ನಕಲು ಆರಂಭವಾಗುವ ಮುನ್ನ ಸ್ಖಾಲಿತ್ಯಗಳ ಬಗೆಗೆ ಮಾತನಾಡಬಾರದು. ಮಾತನಾಡಿದರೆ ಎಲ್ಲರೂ ಎಚ್ಚರಗೊಂಡು ಅವಧಿಯು ಉಪನ್ಯಾಸಕ್ಕೆ ತಿರುಗುತ್ತದೆ.

6.4 ಶಿಬಿರಾರ್ಥಿಗಳ ಗೌರವ

ಅಧ್ಯಾಪಕರ ಶಿಬಿರದಲ್ಲಿ ಹಿರಿಯರೂ ಕಿರಿಯರೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಕೆಲವೊಮ್ಮೆ ಗುರುಗಳೂ ಅವರ ಹಿಂದಿನ ವಿದ್ಯಾರ್ಥಿಗಳೂ ಒಂದೇ ತಂಡದಲ್ಲಿರುತ್ತಾರೆ. ಹಿರಿಯರ ತಪ್ಪು ಕಿರಿಯರ ಎದುರಿಗೆ ಬಯಲಾಗುವುದೆಂಬ ಅಳುಕು ಇದ್ದರೆ ಯಾರೂ ಮುಕ್ತವಾಗಿ ಬರೆಯುವುದಿಲ್ಲ. ಇದು ಪಾಶ್ಚಾತ್ಯ ತರಬೇತಿ ಗ್ರಂಥಗಳು ನಮಗಾಗಿ ಬರೆದುಕೊಡುವ ವಿಷಯವಲ್ಲ. ನಮ್ಮ ಕೈಪಿಡಿಯೇ ಇದನ್ನು ಗಮನಿಸಬೇಕು. ಪ್ರತಿಗಳ ಮೇಲೆ ಹೆಸರು ಬರೆಯಿಸದಿರುವುದು, ತಂಡದ ಪ್ರತಿಗಳನ್ನು ಆ ತಂಡಕ್ಕೇ ಕೊಡದೆ ಬೇರೆ ತಂಡಕ್ಕೆ ಕೊಡುವುದು, ಸುಗಮಕಾರನು ತಾನು ನಕಲು ಮಾಡಿದ ಪ್ರತಿಯೊಂದನ್ನು ಅದರ ತಪ್ಪುಗಳೊಂದಿಗೆ ಮೊದಲು ತೋರಿಸುವುದು ಈ ಅಳುಕನ್ನು ಕಳೆಯುವ ಕ್ರಮಗಳು.

ತನ್ನ ಸರದಿಗಾಗಿ ಕಾಯುವವರ ಬಗೆಗೂ ಯೋಚಿಸಬೇಕು. ಮೊದಲ ಸುತ್ತಿನಲ್ಲಿ ಒಬ್ಬರು ಬರೆಯುತ್ತಿರುವಾಗ ನಾಲ್ವರು ಸುಮ್ಮನಿರುತ್ತಾರೆ. ಅವರಿಗೆ ಪದಗಳನ್ನು ಬಿಡಿಸದ ಬೇರೊಂದು ಗದ್ಯಭಾಗವನ್ನು ಕೊಟ್ಟು ಪದಚ್ಛೇದ ಮಾಡಿಸುವುದು ಸೂಕ್ತ. ಇಲ್ಲವಾದರೆ ಅವರು ಬರೆಯುತ್ತಿರುವವರ ಹೆಗಲ ಮೇಲಿಂದ ಮೂಲಹಾಳೆಯನ್ನು ಓದಿಬಿಡುತ್ತಾರೆ.

6.5 ಕೈಪಿಡಿಯ ಭಾಷೆ

ಕೈಪಿಡಿಗಳಲ್ಲಿ ‘ಶಿಬಿರಾರ್ಥಿಗಳಲ್ಲಿ ಆಸಕ್ತಿಯನ್ನು ಉಂಟುಮಾಡತಕ್ಕದ್ದು’, ‘ಚರ್ಚೆಯನ್ನು ಏರ್ಪಡಿಸಲಾಗುವುದು’ ಎಂಬಂತಹ ವಾಕ್ಯಗಳು ಹೇರಳವಾಗಿ ಕಾಣಸಿಗುತ್ತವೆ. ಕಚೇರಿಯ ಸುತ್ತೋಲೆಯ ಈ ಭಾಷೆಯಲ್ಲಿ ಕರ್ತೃವಿಲ್ಲ, ಕ್ರಿಯೆಯೂ ಇಲ್ಲ. ಆಸಕ್ತಿಯನ್ನು ಹೇಗೆ ಉಂಟುಮಾಡಬೇಕು, ಚರ್ಚೆಯನ್ನು ಯಾವ ಪ್ರಶ್ನೆಯಿಂದ ಆರಂಭಿಸಬೇಕು ಎಂಬುದನ್ನು ತಿಳಿಯಲೆಂದೇ ಸುಗಮಕಾರನು ಕೈಪಿಡಿಯನ್ನು ತೆರೆದಿರುತ್ತಾನೆ. ‘ಮೂಲಹಾಳೆಯನ್ನು ಮೊದಲನೆಯವರಿಗೆ ಮಾತ್ರ ಕೊಡಿ. ಆರು ನಿಮಿಷಗಳಾದ ಮೇಲೆ ಹಿಂದಕ್ಕೆ ಪಡೆಯಿರಿ’ ಎಂಬ ಸರಳ ವಿಧ್ಯರ್ಥ ವಾಕ್ಯವು ಗೌರವಕ್ಕೂ ಕೊರತೆಯಾಗದಂತೆ ಕೆಲಸವನ್ನು ತಿಳಿಸುತ್ತದೆ.

ಯಾವ ಮಾತನ್ನು ಹಾಗೆಯೇ ಆಡಬೇಕು, ಯಾವುದನ್ನು ಸ್ವಂತ ಮಾತಿನಲ್ಲಿ ಹೇಳಬಹುದು ಎಂಬುದನ್ನೂ ಬೇರ್ಪಡಿಸಬೇಕು. ನಕಲಿನ ಸೂಚನೆ ಮತ್ತು ಚರ್ಚೆಯ ಮುಖ್ಯ ಪ್ರಶ್ನೆ, ಇವೆರಡನ್ನು ಪದಶಃ ಕೊಡುವುದು ಲೇಸು. ಒಂದು ಪದ ಬದಲಾದರೂ ಉತ್ತರದ ದಿಕ್ಕು ಬದಲಾಗಬಹುದು. ‘ಈ ನಾಲ್ಕು ಪ್ರತಿಗಳಲ್ಲಿ ಯಾವುದು ಇಲ್ಲದಿದ್ದರೂ ನಿಮಗೆ ನಷ್ಟವಿಲ್ಲ?’ ಎಂಬ ಪ್ರಶ್ನೆಯು ವಂಶವೃಕ್ಷದ ಕಡೆಗೆ ಕರೆದೊಯ್ಯುತ್ತದೆ. ‘ಯಾವುದು ಒಳ್ಳೆಯ ಪ್ರತಿ?’ ಎಂಬುದು ಅಂದವಾದ ಕೈಬರಹದ ಕಡೆಗೆ ಕರೆದೊಯ್ಯುತ್ತದೆ. ವಿವರಣೆಯನ್ನು ಮಾತ್ರ ಸುಗಮಕಾರನ ಪಾಂಡಿತ್ಯಕ್ಕೆ ಬಿಡಬೇಕು.

7. ಪರೀಕ್ಷಣ ಮತ್ತು ಪರಿಷ್ಕರಣ

ಬರೆದವರೇ ನಡೆಸಿ ನೋಡುವುದು ಕೈಪಿಡಿಯ ಪರೀಕ್ಷೆಯಾಗದು; ಹಾಳೆಯಲ್ಲಿ ಇಲ್ಲದ್ದನ್ನು ಅವರು ಮನಸ್ಸಿನಿಂದ ತುಂಬಿಕೊಳ್ಳುತ್ತಾರೆ. ಬೇರೊಬ್ಬರು ನಡೆಸುವಾಗ ಬರೆದವರು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರಬೇಕು. ಸುಗಮಕಾರನು ಎಲ್ಲಿ ಪುಟವನ್ನು ಹಿಂದೆ ತಿರುವಿದನು, ಎಲ್ಲಿ ಹಂತವನ್ನು ಹಾರಿಸಿದನು, ಎಲ್ಲಿ ತನ್ನದೇ ಮಾತನ್ನು ಸೇರಿಸಿದನು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ನಡುವೆ ಬಾಯಿ ಹಾಕಿ ಸರಿಪಡಿಸುವ ಆಸೆಯನ್ನು ತಡೆಯುವುದೇ ಇಲ್ಲಿ ಕಠಿಣವಾದ ಕೆಲಸ.

ಅಂಚಿನಲ್ಲಿ ಸಾಕಷ್ಟು ತೆರವನ್ನು ಬಿಟ್ಟು, ನಡೆಸಿದವರು ತಮ್ಮ ಮಾರ್ಪಾಡುಗಳನ್ನು ಅಲ್ಲಿಯೇ ಬರೆದು ಹಿಂದಿರುಗಿಸುವ ವ್ಯವಸ್ಥೆಯಿರಬೇಕು. ಹೀಗೆ ಬಂದ ಪ್ರತಿಗಳನ್ನು ತಾಳೆ ನೋಡಿದಾಗ ಕೆಲವು ಮಾರ್ಪಾಡುಗಳು ಲೋಪಗಳೆಂದೂ ಕೆಲವು ಮೂಲಕ್ಕಿಂತ ಉತ್ತಮವೆಂದೂ ಕಾಣುತ್ತವೆ. ಕಾಯುವವರಿಗೆ ಪದಚ್ಛೇದದ ಕೆಲಸ ಕೊಡಬೇಕೆಂಬ ಸೂಚನೆಯು ಲೇಖಕರಿಗೆ ಹೊಳೆದದ್ದಲ್ಲ. ಅಂತಹ ಒಂದು ಅಂಚಿನ ಟಿಪ್ಪಣಿಯಿಂದ ಬಂದದ್ದು. ಪರಿಷ್ಕರಣದ ದಿನಾಂಕವನ್ನೂ ಆವೃತ್ತಿಯ ಸಂಖ್ಯೆಯನ್ನೂ ಪ್ರತಿ ಪುಟದಲ್ಲಿ ನಮೂದಿಸುವುದು ಅವಶ್ಯ. ಪುಷ್ಪಿಕೆಯಿಲ್ಲದ ಹಸ್ತಪ್ರತಿಯೊಡನೆ ಹೆಣಗಿದವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

8. ಮಿತಿಗಳು

ಕೈಪಿಡಿಯಿಂದ ಆಗದ ಕೆಲಸಗಳೂ ಇವೆ. ಕಾಗದದ ಮೇಲೆ ಲೇಖನಿಯಿಂದ ಮಾಡಿದ ನಕಲು ಓಲೆಗರಿಯ ಮೇಲೆ ಕಂಟದಿಂದ ಕೊರೆದು ಬರೆಯುವ ಶ್ರಮವನ್ನು ತಿಳಿಸಲಾರದು. ಮಸಿ ತೀಡಿದಾಗ ಮೂಡುವ ಅಕ್ಷರ, ಹುಳು ತಿಂದ ರಂಧ್ರ, ಮುರಿದ ಅಂಚು ಇವೆಲ್ಲ ಗರಿಯನ್ನು ಕೈಯಲ್ಲಿ ಹಿಡಿದಾಗಲೇ ತಿಳಿಯತಕ್ಕವು. ಸುಗಮಕಾರನಿಗೆ ಹಸ್ತಪ್ರತಿಯ ಪರಿಚಯ ಲವಲೇಶವೂ ಇಲ್ಲದಿದ್ದರೆ ಅನಿರೀಕ್ಷಿತ ಪ್ರಶ್ನೆಯೊಂದು ಅವನನ್ನು ನಿರುತ್ತರನನ್ನಾಗಿಸುತ್ತದೆ. ಯಾವ ಮೂರನೆಯ ಅಂಕಣವೂ ಎಲ್ಲ ಪ್ರಶ್ನೆಗಳನ್ನೂ ಒಳಗೊಳ್ಳಲಾರದು. ಕೈಪಿಡಿಯು ವಿದ್ವತ್ತಿಗೆ ಪರ್ಯಾಯವಲ್ಲ. ವಿದ್ವಾಂಸರು ಹತ್ತಿರವಿಲ್ಲದ ಕಾಲೇಜಿನಲ್ಲಿಯೂ ವಿದ್ಯೆಯ ಮೊದಲ ಮೆಟ್ಟಿಲನ್ನು ಇಡಲು ಅದೊಂದು ಆಸರೆ.

9. ಸಮಾರೋಪ

ಸುಗಮಕಾರರ ಕೈಪಿಡಿಯನ್ನು ಆಡಳಿತಾತ್ಮಕ ಕಾಗದಪತ್ರವೆಂದು ಕಾಣುವುದಕ್ಕಿಂತ, ಕೈಬದಲಾಗುತ್ತ ಸಾಗುವ ಪಠ್ಯವೆಂದು ಕಾಣುವುದು ಕನ್ನಡ ಅಧ್ಯಯನಕಾರರಿಗೆ ಹೆಚ್ಚು ಸಹಜ. ಹಾಗೆ ಕಂಡಾಗ ಬದಲಾವಣೆಯನ್ನು ತಡೆಯುವುದಕ್ಕಿಂತ, ಬದಲಾಯಿಸುವವನಿಗೆ ಕಾರಣವನ್ನು ತಿಳಿಸುವುದು ವಿನ್ಯಾಸದ ಗುರಿಯಾಗುತ್ತದೆ. ಹಂತಗಳನ್ನು ಮಾತ್ರ ಹೇಳುವ ಕೈಪಿಡಿಯು ಅನುಸರಣೆಯನ್ನು ಬೇಡುತ್ತದೆ, ಅನುಸರಣೆ ತಪ್ಪಿದಾಗ ಕುಸಿಯುತ್ತದೆ. ಕಾರಣವನ್ನೂ ಹೇಳುವ ಕೈಪಿಡಿಯು ಸುಗಮಕಾರನನ್ನು ಸಹಸಂಪಾದಕನನ್ನಾಗಿ ಮಾಡಿಕೊಳ್ಳುತ್ತದೆ.

ವಿಭಾಗಗಳಲ್ಲಿ ಹಿರಿಯ ವಿದ್ವಾಂಸರು ನಡೆಸಿಕೊಂಡು ಬಂದಿರುವ ಹಳಗನ್ನಡ ವಾಚನ, ಶಾಸನಪಠನ, ಛಂದೋವಿಶ್ಲೇಷಣೆಯ ತರಗತಿಗಳನ್ನು ಅವರು ಸೇವೆಯಲ್ಲಿರುವಾಗಲೇ ಹಿಂದಿನ ಬೆಂಚಿನಲ್ಲಿ ಕುಳಿತು ಈ ರೀತಿಯಲ್ಲಿ ದಾಖಲಿಸಿಕೊಳ್ಳುವ ಕೆಲಸವು ನಮ್ಮ ಮುಂದಿದೆ. ಅವರು ಏನು ಹೇಳಿದರು ಎಂಬುದನ್ನು ನಮ್ಮ ಟಿಪ್ಪಣಿ ಪುಸ್ತಕಗಳು ಹೇಗೂ ಉಳಿಸಿಕೊಂಡಿವೆ. ವಿದ್ಯಾರ್ಥಿಯೊಬ್ಬನು ತಪ್ಪಾಗಿ ಓದಿದಾಗ ಅವರು ಏನು ಮಾಡಿದರು, ಏಕೆ ಹಾಗೆ ಮಾಡಿದರು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲ ದೀರ್ಘವಾದುದಲ್ಲ.